ಎರಡು ದಿಬ್ಬದ ಗೆರೆ

ನಮ್ಮ ಸಂಖ್ಯಾಶಾಸ್ತ್ರದ ಮೇಷ್ಟ್ರ ಬಲ ಅಂಗೈಯ ಅಂಚು ಸದಾ ನೀಲಿ. ಸೀಮೆಸುಣ್ಣವನ್ನು ಅಡ್ಡ ಹಿಡಿದು ಹಲಗೆಯ ಮೇಲೆ ದಿಬ್ಬದಂಥ ಗೆರೆ ಬರೆಯುತ್ತಿದ್ದರು; ಯಾವ ಅಂಕಿ ಹೆಚ್ಚು ಸಂಭವವೋ ಅಲ್ಲಿ ಗೆರೆ ಎತ್ತರ. ಇಳಿಜಾರು ಮುಗಿಯುವಲ್ಲಿ ಅಂಗೈಯಿಂದ ಮೆಲ್ಲಗೆ ಒರೆಸಿ ತೆಳುವಾಗಿಸುತ್ತಿದ್ದರು. ಮೊದಲು ಬಿಳಿ ದಿಬ್ಬ: ಅಳೆದು ನೋಡುವ ಮುಂಚೆ ನಾವು ನಂಬಿದ್ದು. ಅದರ ಮೇಲೆ ನೀಲಿ: ಅಳೆದು ನೋಡಿದ ಮೇಲೆ ನಂಬಬೇಕಾದದ್ದು. ಬೇಸಿಯನ್ ವಿಶ್ಲೇಷಣೆ ಎಂಬ ಹೆಸರು ಬರುವ ಮೊದಲೇ ಶಿಕಾರಿಪುರದ ಆ ಕಾಲೇಜಿನ ಕೊನೆಯ ಬೆಂಚಿಗೂ ಅದು ತಿಳಿದಿರುತ್ತಿತ್ತು.

ಯಾರಾದರೂ ಉತ್ತರವಾಗಿ ಒಂದೇ ಅಂಕಿ ಹೇಳಿದರೆ, "ತುದಿ ಒಂದೇ ಹೇಳ್ತೀಯಲ್ಲ, ದಿಬ್ಬ ಎಲ್ಲಿ ಬಿಟ್ಟು ಬಂದಿ?" ಎನ್ನುತ್ತಿದ್ದರು. ಗೆರೆಯನ್ನು ಅಂದಗಾಣಿಸಿದರೆ ಇನ್ನೂ ಸಿಟ್ಟು. "ರಂಗೋಲಿ ಹಾಕಕ್ಕೆ ಬಂದೀಯೇನವ್ವಾ? ತಗ್ಗು ಇದ್ದಲ್ಲಿ ತಗ್ಗು ಇರ್ಲಿ."

ಓದು ಮುಗಿಸಿದ ಮೇಲೆ ನಾನು ಆನವಟ್ಟಿಯ ಭತ್ತದ ಬೆಳೆಗಾರರ ಸಂಘವೊಂದಕ್ಕೆ ಬೀಜ ಪರೀಕ್ಷೆಯ ಲೆಕ್ಕ ಮಾಡಿಕೊಡತೊಡಗಿದೆ. ಎರಡು ಗೋದಾಮಿನ ಚೀಲಗಳಿಂದ ಬೀಜ ತೆಗೆದು ಮೊಳಕೆ ಬರಿಸಿ, ಒಂದು ಚೀಲದಲ್ಲಿ ನೂರಕ್ಕೆ ಎಷ್ಟು ಕಾಳು ಮೊಳೆಯಬಹುದೆಂಬ ಗೆರೆ ಬರೆದೆ. ಗೆರೆ ಒರಟಾಗಿತ್ತು. ಪರದೆಯ ಮೇಲೆ ಚೆನ್ನಾಗಿ ಕಾಣಲೆಂದು ಕಂಪ್ಯೂಟರಿನಲ್ಲಿ ನಯಗೊಳಿಸಿದೆ. ದುಂಡನೆಯ ಒಂದೇ ದಿಬ್ಬ ಬಂತು. ಸಭೆಗೆ ಮೇಷ್ಟ್ರನ್ನೂ ಕರೆದಿದ್ದೆ. ಆಗಲೇ ನಿವೃತ್ತರಾಗಿದ್ದ ಅವರು ಬಸ್ಸು ಹತ್ತಿ ಬಂದು ಮುಂದಿನ ಸಾಲಿನಲ್ಲಿ ಕೂತಿದ್ದರು.

"ಹಂಗಾರೆ ಯಾವ ಚೀಲ ಬಿತ್ತಿದ್ರೂ ಅಡ್ಡಿಲ್ಲೇನ್ರೀ?" ಎಂದು ಸಂಘದ ಹಿರಿಯಕ್ಕ ಕೇಳಿದರು. ಮುಂದಿನ ವಾರವೇ ಬಿತ್ತನೆ. ಕೆಟ್ಟ ಬೀಜ ಬಿತ್ತಿದವರಿಗೆ ಆ ವರ್ಷ ನಾಟಿಗೆ ಸಸಿಯೇ ಇರುವುದಿಲ್ಲ. ನಾನು ಹೂಂ ಎನ್ನುವುದರಲ್ಲಿದ್ದೆ.

"ತಂಗಿ, ಆ ನಯ ಸ್ವಲ್ಪ ತೆಗಿ," ಎಂದರು ಮೇಷ್ಟ್ರು.

ತೆಗೆದೆ. ದಿಬ್ಬ ನಡುವೆ ಕುಸಿದು ಎರಡಾಯಿತು: ಒಂದು ತೊಂಬತ್ತರ ಹತ್ತಿರ, ಇನ್ನೊಂದು ನಲವತ್ತರ ಹತ್ತಿರ. ನಾನು ತೋರಿಸಿದ್ದ ತುದಿ ಎರಡರ ನಡುವಿನ ತಗ್ಗಿನ ಮೇಲಿತ್ತು; ಅದರ ಕೆಳಗೆ ಒಂದು ಚೀಲವೂ ಇರಲಿಲ್ಲ.

"ಒಂಟೆತ್ತಿಗೆ ಜೋಡಿ ಸಿಕ್ತಲ್ಲೋ!" ಹಿಂದಿನಿಂದ ಯಾರೋ ಕೂಗಿದರು. ಎಲ್ಲರೂ ನಕ್ಕರು.

ಮೇಷ್ಟ್ರು ಎದ್ದು ಅವರತ್ತ ತಿರುಗಿದರು. "ತಪ್ಪು ನಂದ್ರೀ. ಹಿಂಗೆ ನಯ ಮಾಡಾದು ಕಲ್ಸಿದವ್ನು ನಾನೇ. ಈ ಹುಡುಗೀದೇನಿಲ್ಲ. ಒಂದು ಗೋದಾಮಿನ ಬೀಜ ನೀರು ಬಿದ್ದು ಕೆಟ್ಟಿರ್ಬೇಕು. ಮೊದ್ಲು ಸೋರೋದು ಯಾವ್ದು ನೋಡ್ರಿ, ಅಲ್ಲಿನ ಚೀಲ ಮುಟ್ಟಬ್ಯಾಡ್ರಿ."

ಜನ ಗೋದಾಮಿನತ್ತ ಹೊರಟರು. ನಾನು ಮೇಷ್ಟ್ರನ್ನು ಬಸ್ಸಿಗೆ ಬಿಡಲು ಹೋದೆ.

ಬಸ್ ನಿಲ್ದಾಣದಲ್ಲಿ, "ಸರ್, ನೀವು ಹಾಗೆ ಕಲಿಸಿರಲಿಲ್ಲ," ಎಂದೆ.

"ನೀ ನಾಳೆನೂ ಅವ್ರ ಮುಂದೆ ನಿಂದ್ರಬೇಕು, ತಂಗಿ. ನನಗೇನು, ಬಸ್ಸು ಬಂತು."

ಕಳೆದ ಬೇಸಿಗೆಯಲ್ಲಿ ಅವರು ತೀರಿಕೊಂಡರು. ಈ ಸಲದ ಬಿತ್ತನೆಗೆ ಮುಂಚಿನ ಸಭೆಯಲ್ಲಿ ಒರಟು ಗೆರೆಯನ್ನೇ ತೋರಿಸಿದೆ.

"ಮೇಷ್ಟ್ರು ತಪ್ಪು ಕಲ್ಸಿದ್ರೂ ನೀವು ಸರಿ ಮಾಡ್ಕಂಡ್ರಲ್ರೀ," ಎಂದರು ಹಿರಿಯಕ್ಕ.

"ಅವರು ಸರಿಯಾಗೇ ಕಲಿಸಿದ್ರು. ತಪ್ಪು ನಂದು," ಎಂದು ಎಲ್ಲರಿಗೂ ಕೇಳುವಂತೆ ಹೇಳಿದೆ.

ಹಿರಿಯಕ್ಕ ಪಕ್ಕದವರತ್ತ ತಿರುಗಿದರು. "ನೋಡ್ರೇ, ಸತ್ತ ಗುರುಗಳ ಮರ್ಯಾದಿ ಹೆಂಗೆ ಕಾಯ್ತಾಳೆ ಹುಡುಗಿ!"

ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ತಲೆ ತಗ್ಗಿಸಿದೆ. ಅದನ್ನೂ ಅವರು ವಿನಯವೆಂದೇ ತಿಳಿದರು.