ಕೆಂಡಕ್ಕೆ ತೋರಿಸಿದ ಕಲೀಜಿ

ಬೀದರಿನ ನೌಬಾದದಲ್ಲಿ ನಾನು ಕೆಲಸಕ್ಕಿದ್ದ ಪ್ರಯೋಗಾಲಯಕ್ಕೆ ಬರದ ವರ್ಷಗಳಲ್ಲಿ ಬಿಡುವೇ ಇರಲಿಲ್ಲ. ಮೇವಿಲ್ಲದೆ ಜನ ಆಡುಗಳನ್ನು ಮಾರಿ ಹೈದರಾಬಾದಿನ ಬಸ್ಸು ಹತ್ತುತ್ತಿದ್ದರು. ಆ ಆಡುಗಳೆಲ್ಲ ಭಾಲ್ಕಿ, ಔರಾದ್, ಬೀದರಿನ ಮಟನ್ ಅಂಗಡಿಗಳಲ್ಲಿ ತೂಗಾಡುತ್ತಿದ್ದವು. ನಾನು ಅಂಗಡಿ ಅಂಗಡಿ ಸುತ್ತಿ ಒಂದೊಂದು ತುಂಡು ತರುತ್ತಿದ್ದೆ. ಅದನ್ನು ಫ್ರೀಜರಿನಲ್ಲಿಟ್ಟು ಕಲ್ಲಾಗಿಸಿ ಮತ್ತೆ ಕರಗಿಸಿದರೆ ಕೆಂಪು ರಸ ಇಳಿಯುತ್ತದೆ. ಆ ಆಡಿಗೆ ಟಾಕ್ಸೊಪ್ಲಾಸ್ಮಾ ಎಂಬ ಪರಾವಲಂಬಿ ತಗಲಿತ್ತೇ ಎಂಬುದು ರಸದ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ. ಕಣ್ಣಿಗೆ ಮಾತ್ರ ಮಾಂಸ ಚೆನ್ನಾಗಿಯೇ ಇರುತ್ತದೆ. ಪೂರ್ತಿ ಬೇಯಿಸಿದರೆ ಆ ಪರಾವಲಂಬಿ ಸಾಯುತ್ತದೆ. ಅರೆಬೆಂದದ್ದನ್ನು ತಿಂದ ಹೆಚ್ಚಿನವರಿಗೆ ಗೊತ್ತೂ ಆಗುವುದಿಲ್ಲ. ಬಸುರಿಗೆ ಮೊದಲ ಸಲ ತಗಲಿದರೆ ಮಾತ್ರ ಹೊಟ್ಟೆಯ ಕೂಸಿಗೆ ಕುತ್ತು.

ನಮ್ಮ ಅವ್ವ ಮಿಷನ್ ಆಸ್ಪತ್ರೆಯಲ್ಲಿ ನರ್ಸಾಗಿ ನಿವೃತ್ತಳಾದವಳು. ಕುದಿಸಿ, ಆರಿಸಿ, ಸೋಸದ ನೀರನ್ನು ನೆಂಟರಿಗೂ ಕೊಡುವವಳಲ್ಲ. ಆದರೆ ಕಲೀಜಿಯ, ಅಂದರೆ ಆಡಿನ ಯಕೃತ್ತಿನ, ಮುಂದೆ ಆ ನರ್ಸು ಎಲ್ಲಿ ಹೋಗುತ್ತಿದ್ದಳೋ! ಭಾನುವಾರ ಚರ್ಚಿನಿಂದ ಬಂದವಳೇ ಆಡಿನ ಕಲೀಜಿಯ ಮೊದಲ ತುಂಡನ್ನು ಕೆಂಡಕ್ಕೆ ತೋರಿಸಿ, ಉಪ್ಪು ಹಚ್ಚಿ, ಒಳಗೆ ಇನ್ನೂ ಕೆಂಪಿರುವಾಗಲೇ ಮನೆಯ ಬಸುರಿಗೆ, ಬಸುರಿಯಿಲ್ಲದಾಗ ಮಕ್ಕಳಿಗೆ ಕೊಡುವಳು. ಪೂರ್ತಿ ಸುಟ್ಟರೆ ಅದರ ರಕ್ತವೆಲ್ಲ ಒಲೆಯ ಪಾಲಾಯಿತು ಎಂಬ ನಂಬಿಕೆ.

ಆ ವರ್ಷ ಬಸುರಿಯಾಗಿದ್ದವಳು ನನ್ನ ತಂಗಿ. ಮೆಹಕರದಲ್ಲಿ ಬಾವಿ ಬತ್ತಿ, ಗುಳೆ ಹೊರಟ ಗಂಡನ ಮನೆಯವರು ಅವಳನ್ನು ನಮ್ಮಲ್ಲಿ ಬಿಟ್ಟಿದ್ದರು. ಮೊದಲನೆಯ ಕೂಸು ಹೊಟ್ಟೆಯಲ್ಲೇ ಹೋಗಿತ್ತು. ಇದಾದರೂ ಉಳಿಯಲಿ ಎಂದು ಮನೆಯಲ್ಲಿ ಎಲ್ಲರೂ ಉಸಿರು ಬಿಗಿಹಿಡಿದಿದ್ದೆವು.

ಒಂದು ಭಾನುವಾರ ನಾನು ಕೆಲಸ ಮುಗಿಸಿ ಬಂದರೆ ತಂಗಿ ಒಲೆಯ ಮುಂದೆ ಕೂತು ಕಲೀಜಿ ತಿನ್ನುತ್ತಿದ್ದಳು. ಕಚ್ಚಿದ ಕಡೆ ಹಸಿ ಕೆಂಪು. ಕೈಯಿಂದ ಕಿತ್ತುಕೊಂಡು ಚೀರಿದೆ.

“ಯಾಕ ಚೀರ್ತಿ? ಸಣ್ಣವರಿದ್ದಾಗಿಂದ ನಿಮಗಿಬ್ಬರಿಗೂ ಇದೇ ತಿನಿಸೀನಿ. ಏನಾಗ್ಯಾದ?” ಅವ್ವನಿಗೆ ಸಿಟ್ಟು ಬಂತು.

“ಏನೂ ಆಗಿಲ್ಲಂತ ಹ್ಯಾಂಗ ಹೇಳ್ತಿ? ಈ ವಾರ ಲ್ಯಾಬಿಗಿ ತಂದ ಮಾಂಸದಾಗೇ ಸಿಕ್ಕದ ಆ ರೋಗ. ಇಂಥದ್ದರಿಂದ ಬಸುರು ಇಳೀತದವ್ವಾ.”

ತಂಗಿ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡಳು. “ಮೊದಲನೇ ಸರ್ತಿನೂ ಇಲ್ಲಿ ಬಂದು ತಿಂದಿದ್ನಲ್ಲಾ ಅವ್ವಾ” ಎಂದಳು.

ಅವ್ವನ ಸಿಟ್ಟು ಇಳಿದುಹೋಯಿತು. ಇಕ್ಕಳವನ್ನು ಕೈಯಲ್ಲಿ ಹಿಡಿದೇ ಕೂತಳು.

ಮರುದಿನ ತಂಗಿಯ ರಕ್ತ ಪರೀಕ್ಷೆಗೆಂದು ಹೈದರಾಬಾದಿಗೆ ಹೋಯಿತು. ಉತ್ತರ ಬರುವವರೆಗೆ ಮನೆಯಲ್ಲಿ ಮಾಂಸದ ವಾಸನೆಯೇ ಇಲ್ಲ. ಆಡಿನ ಫಲಿತಾಂಶವನ್ನು ದಿನವೂ ಅಲುಗಾಡದೆ ಓದುವ ನನಗೆ ತಂಗಿಯ ಕಾಗದ ಬಿಡಿಸಲು ಕೈ ಏಳಲಿಲ್ಲ. ಹಾಗೇ ಡಾಕ್ಟರಮ್ಮನ ಮುಂದಿಟ್ಟೆ.

“ಇದು ಹಳೇ ಸೋಂಕು ರೀ. ಈ ಬಸುರಿಗಿಂತ ಮೊದಲೇ ತಗಲ್ಯಾದ. ಈ ಕೂಸಿಗಿ ಏನೂ ಅಂಜಿಕಿ ಇಲ್ಲ” ಎಂದರು ಡಾಕ್ಟರಮ್ಮ.

ನನಗೆ ಅಲ್ಲೇ ಅಳು ಬಂತು. ತಂಗಿ ನನ್ನನ್ನು ನೋಡಿ ನಕ್ಕಳು. ಅವ್ವ ಮಾತ್ರ ಕುರ್ಚಿ ಬಿಟ್ಟು ಏಳಲಿಲ್ಲ.

“ಮೊದಲು ಅಂದ್ರ ಯಾವಾಗ್ರಿ? ಸಣ್ಣಾಕಿ ಇದ್ದಾಗೋ, ಮೊದಲನೇ ಕೂಸು ಹೊಟ್ಟ್ಯಾಗ ಇದ್ದಾಗೋ?”

“ಅದು ಈಗ ಗೊತ್ತಾಗಂಗಿಲ್ರಿ.”

ಹೆಣ್ಣು ಮಗು ಹುಟ್ಟಿತು, ಗಟ್ಟಿಮುಟ್ಟಾಗಿದೆ, ಈಗ ಶಾಲೆಗೆ ಹೋಗುತ್ತದೆ. ಭಾನುವಾರ ಅವ್ವನೇ ಅದಕ್ಕೆ ಕಲೀಜಿ ಸುಡುತ್ತಾಳೆ. ಕಪ್ಪಾಗಿ, ಚಪ್ಪಲಿಯ ಅಟ್ಟೆಯಂತಾಗುವ ತನಕ ಬಿಡುವುದಿಲ್ಲ. ತಾನು ಮುಟ್ಟುವುದಿಲ್ಲ. ಕೇಳಿದರೆ ಹಲ್ಲು ಗಟ್ಟಿಯಿಲ್ಲ ಅನ್ನುತ್ತಾಳೆ. ಕಡಕ್ ರೊಟ್ಟಿ ಮುರಿಯುವ ಹಲ್ಲುಗಳವು.

ತಂಗಿಗೆ ಚಿಕ್ಕಂದಿನಲ್ಲೇ ತಗಲಿರಬೇಕು, ಮೊದಲನೆಯ ಕೂಸು ಹೋದದ್ದಕ್ಕೂ ಕಲೀಜಿಗೂ ಸಂಬಂಧವಿಲ್ಲ ಎಂದು ಎಷ್ಟೋ ಸಲ ಹೇಳಿದ್ದೇನೆ.

“ಪರೀಕ್ಷಾ ಮಾಡಿ ಹೇಳ್ತಿ ಏನು?” ಎಂದು ಕೇಳುತ್ತಾಳೆ. ಅವಳು ಮೊಮ್ಮಗಳ ತುಂಡನ್ನು ಮತ್ತೊಮ್ಮೆ ಕೆಂಡಕ್ಕೆ ಹಾಕುತ್ತಾಳೆ.