ಜಿಲೇಬಿ ಮೀನಿನ ಹೊಟ್ಟೆಯಲ್ಲಿ

ಹೊರದೇಶದಿಂದ ಬಂದು ಪಾಲಾರ್ ಹೊಳೆ ಸೇರಿಕೊಂಡಿರುವ ಜಿಲೇಬಿ ಮೀನು ಏನು ತಿನ್ನುತ್ತದೆಂದು ನೋಡುವುದು ನನ್ನ ಕೆಲಸ. ಅದಕ್ಕಾಗಿ ಮುಳಬಾಗಿಲಿನ ಮೀನಂಗಡಿಯೊಂದಕ್ಕೆ ಹೋಗಿ ಮೀನಿನ ಕರುಳು ಕೇಳಿದೆ. ಅಂಗಡಿಯ ನೂರ್ ಆಪಾ ಗಾಬರಿಯಾದರು.

"ಏನಾದ್ರೂ ಕೆಟ್ಟದ್ದಿದ್ರೆ ಮೆಲ್ಲಗೆ ಹೇಳಿ ಸಾರ್, ಗಿರಾಕಿಗಳು ನಿಂತವ್ರೆ."

ಕರುಳು ಸೀಳಿ ನೋಡಿದೆ. "ಹೆಚ್ಚಾಗಿ ಪಾಚಿನೇ ಐತೆ ಆಪಾ."

ಅವರ ಮುಖ ಅರಳಿತು. "ಕೇಳಿಸ್ಕೊಳ್ಳಿ, ಇದು ಸೊಪ್ಪು ತಿನ್ನೋ ಮೀನಂತೆ. ಸಾರೇ ಹೇಳ್ತಾವ್ರೆ" ಎಂದು ಸಾಲಿಗೆಲ್ಲ ಸಾರಿದರು.

ಸಾಲಿನಲ್ಲಿದ್ದ ಅಜ್ಜ ನನ್ನ ಪಕ್ಕಕ್ಕೆ ಬಂದು ಕೇಳಿದರು: "ನಮ್ಮನೇಲಿ ಶನಿವಾರ ಮಾಂಸ ಮುಟ್ಟಲ್ಲ. ಇದು ಸೊಪ್ಪು ತಿನ್ನೋದಾದ್ರೆ, ಇದನ್ನ ತಿನ್ಬೋದಾ ಸಾರ್?"

ನಾನು ಬಾಯಿ ತೆರೆಯುವ ಮೊದಲೇ ಆಪಾ, "ಧಾರಾಳವಾಗಿ" ಅಂದುಬಿಟ್ಟರು. ಪಾಚಿಯ ನಡುವೆ ಒಂದಷ್ಟು ಹುಳುಗಳೂ ಇದ್ದವು. ಆದರೆ ಅಜ್ಜನ ಶನಿವಾರ ಕೆಡಿಸಲು ನನಗೆ ಮನಸ್ಸು ಬರಲಿಲ್ಲ.