ಏಳನೆಯ ತೋಟಾದವರೆಗೆ

ಬಂದೂಕು ಕೈಜಾರಿ ಜಲ್ಲಿಕಲ್ಲಿನ ಮೇಲೆ ಬಿದ್ದ ಕೂಡಲೇ ಡಾರ್ಲಾ ಟಿಡ್‌ವೆಲ್ ಮಾಡಬಾರದ ಕೆಲಸ ಮಾಡಲು ಹೋದಳು: ಬಗ್ಗಿ ಎತ್ತಿಕೊಳ್ಳಲು ಕೈ ಚಾಚಿದಳು. ಬೆನ್ಸನ್ ಊರಿನ ಶಾಲೆಯೊಂದರ ಅಡುಗೆಮನೆಯಲ್ಲಿ ಇಪ್ಪತ್ತೆರಡು ವರ್ಷ, ಬಿದ್ದ ಟ್ರೇ, ಬಿದ್ದ ಸೌಟು ಯಾರ ಕಣ್ಣಿಗೂ ಬೀಳದ ಹಾಗೆ ಎತ್ತಿಟ್ಟು ಪಳಗಿದ ಕೈ ಅದು. ಆದರೆ ಈ ಗುಂಡಿನ ಸ್ಪರ್ಧೆಯ ಮೈದಾನದಲ್ಲಿ ಬಂದೂಕು ಬೀಳಿಸಿದವರು ಅದನ್ನು ಮುಟ್ಟುವಂತಿಲ್ಲ. ಸ್ಪರ್ಧೆ ನಡೆಸುವ ಡೀಕನ್ ಅವಳ ಭುಜ ಹಿಡಿದು ನಿಲ್ಲಿಸಿದ. ತಾನೇ ಎತ್ತಿ, ಒಳಗಿದ್ದ ತೋಟಾಗಳನ್ನೆಲ್ಲ ಹೊರಹಾಕಿ, ಖಾಲಿ ಬಂದೂಕನ್ನು ಅವಳ ಕೈಗೆ ಕೊಟ್ಟ. ತುಂಬಿದ ಬಂದೂಕು ಬಿದ್ದರೆ ಅವತ್ತಿನ ಆಟ ಮುಗಿದಂತೆ. ಸರದಿಗೆ ಕಾದಿದ್ದ ಹನ್ನೆರಡು ಮಂದಿ ತಮ್ಮ ತಮ್ಮ ಬೂಟು ನೋಡಿಕೊಳ್ಳುತ್ತ ನಿಂತರು. ಯಾರಾದರೂ ಒಬ್ಬರು ನಕ್ಕಿದ್ದರೆ ವಾಸಿಯಿತ್ತು.

ಡೀಕನ್ ಅವಳ ಹಿಂದೆಯೇ ಟ್ರಕ್ಕಿನವರೆಗೆ ಬಂದ.

"ಇದು ಎರಡನೇ ಸಲ, ಬಿಸ್ಕತ್ತು. ಮುಂದಿನ ತಿಂಗಳು ಮೊದಲ ಶನಿವಾರದೊಳಗೆ ನಿನ್ನ ಕೈಗೆ ಒಗ್ಗೋ ಬಂದೂಕು ಹುಡುಕ್ಕೋ. ಸಿಗ್ಲಿಲ್ಲಾಂದ್ರೆ ಅಂಕ ಬರೆಯೋ ಮೇಜಿಗೆ ಬಾ. ಕುರ್ಚಿ ಇದೆ, ನೆರಳಿದೆ."

"ಕುರ್ಚಿ ನಮ್ಮನೇಲೂ ಇದೆ ಕಣೋ," ಎಂದಳು ಡಾರ್ಲಾ.

ಆ ಮೈದಾನದಲ್ಲಿ ಎಲ್ಲರೂ ನೂರೈವತ್ತು ವರ್ಷದ ಹಿಂದಿನ ದನಗಾಹಿಗಳ ಉಡುಪು ತೊಡುತ್ತಾರೆ, ಆ ಕಾಲದ ಬಂದೂಕುಗಳ ನಕಲು ಹಿಡಿದು ಕಬ್ಬಿಣದ ತಗಡುಗಳಿಗೆ ಗುಂಡು ಹೊಡೆಯುತ್ತಾರೆ, ತಾವೇ ಇಟ್ಟುಕೊಂಡ ಹೆಸರಿನಿಂದ ಕರೆಸಿಕೊಳ್ಳುತ್ತಾರೆ. ಡಾರ್ಲಾ ಅಲ್ಲಿ ‘ಸೀದ ಬಿಸ್ಕತ್ತು’. ಒಮ್ಮೆ ಸಂಘದ ಪಟ್ಟಿಯಲ್ಲಿ ಬರೆಸಿದ ಹೆಸರನ್ನು ದೇಶದಲ್ಲಿ ಇನ್ನೊಬ್ಬರು ಇಟ್ಟುಕೊಳ್ಳುವಂತಿಲ್ಲ. ಹದಿನಾರು ವರ್ಷಗಳಿಂದ ಗೆಳೆಯನಾಗಿರುವ ಡೀಕನ್‌ಗೆ ತಾಯಿ ಇಟ್ಟ ಹೆಸರೇನು ಎಂದು ಡಾರ್ಲಾಗೆ ಇವತ್ತಿಗೂ ಗೊತ್ತಿಲ್ಲ. ಕೇಳಬೇಕೆಂದೂ ಅನ್ನಿಸಿಲ್ಲ. ಅವಳಿಗೆ ಬೇಕಾದ ಡಾರ್ಲಾ ಆ ಜಲ್ಲಿಯ ಮೇಲೆ ಮಾತ್ರ ಇದ್ದಳು.

ಉಳಿದ ಕಡೆಗಳಲ್ಲಿ ಅವಳನ್ನು ಕೀಲುವಾತ ಒಂದೊಂದೇ ಮೂಲೆಗೆ ಒತ್ತುತ್ತಿತ್ತು. ಬೆಳಿಗ್ಗೆ ಏಳುವಾಗ ಬೆರಳ ಗಿಣ್ಣುಗಳು ಊದಿರುತ್ತಿದ್ದವು, ತುದಿಗಳು ಜೋಮು ಹಿಡಿದು ಸತ್ತಂತಿರುತ್ತಿದ್ದವು. ಶಾಲೆಯಲ್ಲಿ ಮೊದಲು ಚಾಕುವಿನ ಕೆಲಸ ಹೋಯಿತು, ಆಮೇಲೆ ಒಲೆಯ ಕೆಲಸ. ಈಗ ಮೇಜು ಒರೆಸುತ್ತಾಳೆ. ಈಸ್ಟರ್ ದಿನ ಮಗಳು ಟೆಸ್‌ಳ ಏಳು ತಿಂಗಳ ಕೂಸನ್ನು ಎತ್ತಿಕೊಳ್ಳಲು ಹೋದರೆ, ಟೆಸ್‌ಳ ಎರಡೂ ಕೈ ಡಾರ್ಲಾಳ ಕೈಗಳ ಕೆಳಗೆ ಬಂದು ನಿಂತವು. ನೀನು ಮೊದಲು ಕೂತ್ಕೋಮ್ಮ, ಮಡಿಲಲ್ಲಿ ಕೂರಿಸ್ತೀನಿ ಎಂದಳು ಮಗಳು. ಎಳೆಗೂಸಿನ ತಾಯಿ ಯಾರು ಬಂದರೂ ಮೊದಲು ಕೈ ನೋಡುತ್ತಾಳೆ, ಮುಖ ಆಮೇಲೆ. ಮಗಳು ಮಾಡಿದ್ದರಲ್ಲಿ ತಪ್ಪೇನೂ ಇರಲಿಲ್ಲ, ಮತ್ತು ಅದೇ ಡಾರ್ಲಾಳ ಎದೆಗೆ ಕಲ್ಲಾಗಿ ಕೂತಿತ್ತು.

ಅವಳ ಹಳೆಯ ಬಂದೂಕು ಸಾವಿರದೆಂಟುನೂರ ತೊಂಬತ್ತೆರಡರ ಮಾದರಿಯ ನಕಲು. ಗಿಡ್ಡ, ಹಗುರ, ಆದರೆ ಟ್ರಿಗರಿನ ಕೆಳಗಿನ ಹಿಡಿ, ಲಿವರ್, ಬಿಗಿ. ಪ್ರತಿ ಗುಂಡಿಗೂ ಅದನ್ನು ಕೆಳಕ್ಕೆ ತಳ್ಳಿ ಮೇಲಕ್ಕೆಳೆದರೆ ಮಾತ್ರ ಮುಂದಿನ ತೋಟಾ ಒಳಗೆ ಬರುತ್ತದೆ. ಹತ್ತು ಗುಂಡು, ಹತ್ತು ಸಲ. ಬೇರೆಯದನ್ನು ಆರಿಸಲೇಬೇಕಿತ್ತು.

ಕೇಳಿದರೆ ಯಾರಾದರೂ ತಮ್ಮ ಬಂದೂಕನ್ನು ತಮ್ಮದೇ ತೋಟಾ ತುಂಬಿ ಕೈಗೆ ಕೊಡುವುದು ಅಲ್ಲಿನ ರೀತಿ. ಮುದುಕ ಟಲ್ಲಿಯ ಅರವತ್ತಾರರ ಮಾದರಿಯನ್ನು ಹಿಡಿದು ನೋಡಿದಳು. ಹಿತ್ತಾಳೆಯ ಒಡಲು, ಲಿವರ್ ಬೆಣ್ಣೆಯಂತೆ ಆಡುತ್ತಿತ್ತು, ಆದರೆ ಎಂಟು ಮೂಲೆಯ ಉದ್ದ ನಳಿಗೆಯ ಭಾರಕ್ಕೆ ಎಡಗೈ ಐದೇ ಗುಂಡಿಗೆ ಸೋತಿತು. ಆಮೇಲೆ ಗೆಳತಿ ರೂಬಿ ತನ್ನ ಎಪ್ಪತ್ತಮೂರನ್ನು ಕೊಟ್ಟಳು. ಅದರ ಲಿವರ್ ಓಡಾಟವನ್ನು ಅರ್ಧಕ್ಕೆ ಇಳಿಸಿದ್ದಳು, ಸ್ಪ್ರಿಂಗುಗಳನ್ನು ತೇದು ತೆಳ್ಳಗೆ ಮಾಡಿಸಿದ್ದಳು, ಲಿವರ್‌ಗೆ ಚರ್ಮದ ದಾರ ಸುತ್ತಿದ್ದಳು. ಡಾರ್ಲಾ ಹತ್ತೂ ಗುಂಡು ಹೊಡೆದಳು. ಹತ್ತೂ ತಗಡು ಠಣ್ ಎಂದವು. ಅವಳ ಕಣ್ಣಲ್ಲಿ ನೀರು ಬಂತು.

"ಹೊಗೆ," ಎಂದಳು.

"ಹ್ಞೂ, ಹೊಗೆನೇ," ಎಂದಳು ರೂಬಿ. "ಮೂಗು ಒರೆಸ್ಕೊ, ನನ್ನ ಬಂದೂಕಿನ ಮೇಲೆ ಬೀಳ್ತಿದೆ."

ಎಲ್ಲರೂ ಒಂದೇ ಮಾತು ಹೇಳಿದರು: ಎಪ್ಪತ್ತಮೂರೇ ತಗೋ, ಸ್ಪ್ರಿಂಗು ಎಷ್ಟು ತೆಳುವೋ ಅಷ್ಟು ಒಳ್ಳೆಯದು. ಅಲ್ಲಿಯವರಿಗೆ ವೇಗದ ಹುಚ್ಚು. ಕೈ ನೋಯುವವರಿಗೂ ಚುರುಕು ಕೈಯವರಿಗೂ ಮದ್ದು ಒಂದೇ. ಡಾರ್ಲಾ ಅಂಥದ್ದೇ ಒಂದನ್ನು ತೆಗೆದುಕೊಂಡಳು. ಬಂದೂಕು ರಿಪೇರಿಯ ಆರ್ಲಿ ಅದರ ಸ್ಪ್ರಿಂಗುಗಳನ್ನೂ ತೇದುಕೊಟ್ಟ.

ಸ್ಪರ್ಧೆಗೆ ಒಂಬತ್ತು ದಿನವಿತ್ತು. ಗುರುವಾರ ಮಧ್ಯಾಹ್ನ ಅವಳೂ ರೂಬಿಯೂ ಇಬ್ಬರೇ ಅಭ್ಯಾಸಕ್ಕೆ ನಿಂತರು. ಮೂರು ಗುಂಡು ಚೆನ್ನಾಗಿ ಹೋದವು. ನಾಲ್ಕನೆಯದಕ್ಕೆ ಲಿವರ್ ಎಳೆದುಕೊಳ್ಳುತ್ತಿದ್ದಾಗಲೇ, ನಳಿಗೆ ಇನ್ನೂ ಕೆಳಮುಖವಾಗಿದ್ದಾಗಲೇ, ಗುಂಡು ಹಾರಿತು. ಎರಡು ಹೆಜ್ಜೆ ಮುಂದೆ ಮಣ್ಣು ಚಿಮ್ಮಿತು. ಬೆರಳು ಟ್ರಿಗರ್ ಮೇಲೆ ಕೂತಿದ್ದು ಅವಳಿಗೆ ತಿಳಿದೇ ಇರಲಿಲ್ಲ. ಜೀವವಿಲ್ಲದ ತುದಿ, ಉಸಿರು ತಾಕಿದರೆ ಸಾಕೆನ್ನುವ ಟ್ರಿಗರ್. ಲಿವರ್ ಪೂರ್ತಿ ಮುಚ್ಚುವವರೆಗೆ ಟ್ರಿಗರನ್ನು ತಡೆಯಬೇಕಾದ ಸಣ್ಣ ಸ್ಪ್ರಿಂಗನ್ನೂ ವೇಗಕ್ಕೆಂದು ತೇದಾಗಿತ್ತು.

ಎರಡು ಹೆಜ್ಜೆ. ಅಷ್ಟು ಹತ್ತಿರ ಬಿದ್ದ ಗುಂಡಿಗೆ ಸ್ಪರ್ಧೆಯಲ್ಲಿ ಮನೆಗೆ ಕಳಿಸುತ್ತಾರೆ. ಡಾರ್ಲಾಗೆ ಅದು ನೆನಪಾಗಲಿಲ್ಲ. ಅಂಗಳದಲ್ಲಿ ಅಂಬೆಗಾಲಿಡುವ ಕೂಸು ಎಷ್ಟು ದೂರದಲ್ಲಿರುತ್ತದೆಯೋ ಅಷ್ಟೇ ದೂರ ಅದು ಎಂದು ಮಾತ್ರ ಹೊಳೆಯಿತು.

ರೂಬಿ ಆ ಮಣ್ಣನ್ನೇ ನೋಡುತ್ತಿದ್ದಳು. ಮೆಲ್ಲಗೆ, "ನಾನೇನೂ ನೋಡ್ಲಿಲ್ಲ ಕಣೇ," ಎಂದಳು.

ಡಾರ್ಲಾ ಬಂದೂಕು ಖಾಲಿ ಮಾಡಿ ಟ್ರಕ್ಕಿಗೆ ಹಾಕಿಕೊಂಡಳು. ಮನೆಯ ದಾರಿಯುದ್ದಕ್ಕೂ ಆ ಮಾತನ್ನು ಹಿಡಿದುಕೊಂಡೇ ಬಂದಳು. ಯಾರಿಗೂ ಗೊತ್ತಿಲ್ಲ. ಬೆರಳನ್ನು ಹೊರಗಿಟ್ಟುಕೊಂಡರಾಯಿತು. ಒಂದೇ ಸಲ ತಾನೇ ಆದದ್ದು. ಊರಿನ ಮೊದಲ ಸಿಗ್ನಲ್ಲಿನಲ್ಲಿ ನಿಂತಾಗ ಸ್ಟೀರಿಂಗ್ ಮೇಲಿದ್ದ ಬೆರಳು ನೋಡಿದಳು. ಅದು ಎಲ್ಲಿದೆ ಎಂದು ತಿಳಿಯಲು ನೋಡಲೇಬೇಕಾಗಿತ್ತು. ಅಲ್ಲಿಂದಲೇ ಗಾಡಿ ತಿರುಗಿಸಿ ಆರ್ಲಿಯ ಅಂಗಡಿಗೆ ಹೋದಳು.

ತೇಯದ ಗಟ್ಟಿ ಸ್ಪ್ರಿಂಗುಗಳನ್ನು ಹಾಕು ಎಂದಾಗ ಆರ್ಲಿ ಕನ್ನಡಕ ಹಣೆಗೇರಿಸಿದ. ಅವನ ಅಂಗಡಿಯಲ್ಲಿ ಈ ಮಾತನ್ನು ಇದುವರೆಗೆ ಯಾರೂ ಆಡಿರಲಿಲ್ಲ. ಟ್ರಿಗರ್ ಗಟ್ಟಿಯಾಗುತ್ತದೆ, ಆದರೆ ಲಿವರ್ ಕೂಡ ಬಿಗಿಯಾಗುತ್ತದೆ ಎಂದು ಎಚ್ಚರಿಸಿದ.

"ಎರಡೂ ಬೇಕು ಅಂದ್ರೆ? ಟ್ರಿಗರ್ ಗಟ್ಟಿ, ಲಿವರ್ ಸಡಿಲ?"

"ಸ್ವಲ್ಪ ಸುಧಾರಿಸ್ಬೋದು, ಪೂರ್ತಿ ಆಗಲ್ಲ ಡಾರ್ಲಾ. ತೋಟಾಗೆ ಬಡಿಯೋ ಸುತ್ತಿಗೆ ಎತ್ತೋದೂ ಅದೇ ಲಿವರ್ ಅಲ್ವಾ."

ಆ ವಾರವೆಲ್ಲ ಅವಳು ಸಂಜೆ ಹಿತ್ತಿಲಲ್ಲಿ ಖಾಲಿ ಬಂದೂಕಿನ ಲಿವರ್ ಆಡಿಸಿದಳು. ಏಳು ಸಲ ಆಡುತ್ತಿತ್ತು. ಎಂಟನೆಯದಕ್ಕೆ ಹೆಬ್ಬೆರಳ ಬುಡದಿಂದ ಮೊಣಕೈವರೆಗೆ ಕಾದ ಕಬ್ಬಿಣ ಎಳೆದಂತಾಗಿ ಹಿಡಿತ ಬಿಡುತ್ತಿತ್ತು. ಬಿಸಿನೀರಿಗೆ ಕೈಯಿಟ್ಟಳು, ಮಾತ್ರೆ ನುಂಗಿದಳು, ಕೈಗವಸು ಹಾಕಿದಳು, ತೆಗೆದಳು. ಏಳೇ. ಕೊನೆಗೆ ಲಾಂಡ್ರಿ ಬುಟ್ಟಿಯ ಮೇಲೆ ಕೂತು ಬಾಯಿಗೆ ಟವೆಲ್ ಒತ್ತಿಕೊಂಡು ಅತ್ತಳು.

ಮೊದಲ ಶನಿವಾರ ಬಂತು. ರೂಬಿ ಪಕ್ಕದಲ್ಲಿ ನಿಂತಳು. ಡಾರ್ಲಾ ಹತ್ತು ತೋಟಾ ತುಂಬಿಕೊಂಡು ಗೆರೆಯ ಹತ್ತಿರ ಹೋದಳು. ಡೀಕನ್ ಅವಳ ಕಿವಿಯ ಬಳಿ ಸಮಯ ಅಳೆಯುವ ಯಂತ್ರ ಹಿಡಿದ. ಅದು ಕೀಂ ಎಂದಿತು.

ಒಂದು. ಎರಡು. ಪ್ರತಿ ಸಲ ಬೆರಳು ಹೊರಗಿದೆಯೇ ಎಂದು ಕಣ್ಣಿಂದ ನೋಡಿ, ಆಮೇಲೆ ಲಿವರ್ ಮುಚ್ಚಿದಳು. ಬೇರೆಯವರು ನಾಲ್ಕು ಸೆಕೆಂಡಿನಲ್ಲಿ ಮುಗಿಸುವುದು ಅವಳಿಗೆ ಅರ್ಧ ನಿಮಿಷ ಹಿಡಿಯಿತು. ಹಿಂದೆ ಯಾರೋ ಕೆಮ್ಮಿದರು. ಆರು. ಏಳು. ಎಂಟನೆಯದಕ್ಕೆ ಲಿವರ್ ತೆರೆದಳು, ಮುಚ್ಚಲು ಬಲ ಬರಲಿಲ್ಲ. ಬಂದೂಕು ಅಂಗೈಯಲ್ಲಿ ಜಾರಲು ಶುರುವಾಯಿತು. ಇನ್ನು ಮೂರೇ ತಗಡು. ಹಲ್ಲು ಕಚ್ಚಿ ಎಳೆದರೆ ಆಗಬಹುದು, ಬೀಳಲೂಬಹುದು.

ಡಾರ್ಲಾ ಮೊಣಕೈಯಿಂದ ಬಂದೂಕನ್ನು ಎದೆಗೊತ್ತಿಕೊಂಡು, ಲಿವರ್ ತೆರೆದಿದ್ದಂತೆಯೇ, ನಳಿಗೆಯ ಬಾಯಿ ತಗಡುಗಳ ಕಡೆಗಿದ್ದಂತೆಯೇ, ಮುಂದಿನ ಮೇಜಿನ ಮೇಲೆ ಮಲಗಿಸಿದಳು. ಬರಿಗೈಯಾಗಿ ಒಂದು ಹೆಜ್ಜೆ ಹಿಂದೆ ಸರಿದಳು.

ಡೀಕನ್ ಕಾದ. ಇನ್ನೂ ಸ್ವಲ್ಪ ಕಾದ. ಆಮೇಲೆ ಅಂಕದ ಮೇಜಿನ ಕಡೆ ತಿರುಗಿ ಸಮಯ ಹೇಳಿದ. ಅವತ್ತಿನ ಅತಿ ನಿಧಾನದ ಸಮಯ ಅದು.

"ಮೂರು ತಗಡು ತಪ್ಪಿದ್ದು," ಎಂದ. "ಬೇರೆ ತಪ್ಪೇನೂ ಇಲ್ಲ."

ಬಂದೂಕು ಖಾಲಿ ಮಾಡುವ ಮೇಜಿನಲ್ಲಿ ಉಳಿದ ಮೂರು ತೋಟಾಗಳನ್ನು ರೂಬಿಯೇ ತೆಗೆದಳು. ಡಾರ್ಲಾ ಬಲಗೈಯನ್ನು ಲಂಗದ ಮಡಿಕೆಯಲ್ಲಿ ಅಡಗಿಸಿದಳು. ಡೀಕನ್ ಬಂದು ನಿಂತ. ಅಂಕದ ಮೇಜಿನ ಕುರ್ಚಿ ಅವನ ಬೆನ್ನ ಹಿಂದೆ ಖಾಲಿಯಿತ್ತು.

"ಇನ್ನೂ ಐದು ಸುತ್ತಿದೆ, ಬಿಸ್ಕತ್ತು."

"ಗೊತ್ತು."

"ಮುಂದಿನದಕ್ಕೆ ಎಷ್ಟು ತೋಟಾ ತುಂಬ್ತೀಯ?"

ಡಾರ್ಲಾ ಕೈಯನ್ನು ಹೊರತೆಗೆದು ಒಮ್ಮೆ ಮಡಚಿ ಬಿಚ್ಚಿ ನೋಡಿದಳು. ಬೆರಳುಗಳು ಅರ್ಧಕ್ಕೆ ನಿಂತವು.

"ಐದು," ಎಂದಳು, ಮತ್ತು ಸರದಿಯ ಕೊನೆಗೆ ಹೋಗಿ ನಿಂತಳು.